ಓರೆ ಅಕ್ಷದ ಅಂತರ್ಲಾಗ

ಹಿಮದ ಇಳಿಜಾರಿನಲ್ಲಿ ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುವುದು ಶೀತ ದೇಶಗಳ ಜನರಿಗೆ ಮೊದಲು ಆಟವಾಗಿರಲಿಲ್ಲ. ಅದು ಸಂಚಾರದ ಒಂದು ಸಾಧನವಾಗಿತ್ತು. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಚಳಿಗಾಲ ಬಂದರೆ ಬೇಟೆಗೂ ಯುದ್ಧಕ್ಕೂ ಜನ ಸ್ಕೀ ಕಟ್ಟಿಕೊಂಡೇ ಹೋಗುತ್ತಿದ್ದರು. ಕಾಲಕ್ರಮದಲ್ಲಿ ಈ ಸಂಚಾರ ಆಟವಾಯಿತು, ಆಟ ಪಂದ್ಯವಾಯಿತು. ಗಡಿಯಾರದೊಂದಿಗಿನ ಪಂದ್ಯದಿಂದ ಬೇಸತ್ತವರ ಕೈಯಲ್ಲಿ ಅದು ಒಂದು ಬಗೆಯ ನೃತ್ಯವೂ ಆಯಿತು. ಈ ಕೊನೆಯ ಬಗೆಗೆ ಫ್ರೀಸ್ಟೈಲ್ ಎಂದು ಹೆಸರು. ಸ್ವಚ್ಛಂದ ಶೈಲಿ ಎಂದು ಕರೆಯಬಹುದು. ಆ ಶೈಲಿಯ ಒಂದೇ ಒಂದು ಅಂಗವನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅದು ಗಾಳಿಯಲ್ಲಿ ದೇಹವನ್ನು ಓರೆಯಾದ ಅಕ್ಷದ ಸುತ್ತ ತಿರುಗಿಸುವ ಲಾಗ. ಹಿಮವನ್ನೇ ಕಾಣದವರಿಗೂ ಈ ಲಾಗ ಹುಟ್ಟಿದ ಬಗೆ ಕುತೂಹಲ ಹುಟ್ಟಿಸುತ್ತದೆ. ಏಕೆಂದರೆ ಇದು ಬರಿಯ ಸಾಹಸದ ಕಥೆಯಲ್ಲ. ಒಂದು ನಿಷೇಧದ ಕಥೆ, ಆ ನಿಷೇಧದ ಅಕ್ಷರಗಳ ನಡುವೆಯೇ ದಾರಿ ಹುಡುಕಿಕೊಂಡ ಕೆಲವು ತರುಣರ ಕಥೆ.

ಮೊದಲು ಓರೆ ಅಕ್ಷವೆಂದರೇನು ಎಂಬುದನ್ನು ತಿಳಿಯೋಣ. ನೆಲದ ಮೇಲೆ ನೆಟ್ಟಗೆ ನಿಂತು ತಿರುಗುವ ಬುಗುರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಅಕ್ಷ ಮೇಲಿನಿಂದ ಕೆಳಕ್ಕೆ, ಲಂಬವಾಗಿರುತ್ತದೆ. ಮನುಷ್ಯ ಜಿಗಿದು, ನಿಂತ ಭಂಗಿಯಲ್ಲಿಯೇ ಒಂದು ಸುತ್ತು ತಿರುಗಿ ಇಳಿದರೆ ಅವನ ಅಕ್ಷವೂ ತಲೆಯಿಂದ ಪಾದಕ್ಕೆ ಹೀಗೆಯೇ ಇರುತ್ತದೆ. ಇನ್ನು ಗಾಡಿಯ ಚಕ್ರವನ್ನು ನೆನೆಯಿರಿ. ಅದರ ಅಕ್ಷ ಅಡ್ಡವಾದದ್ದು. ಗರಡಿಯ ಹುಡುಗ ಅಂತರ್ಲಾಗ ಹಾಕುವಾಗ ಅವನ ದೇಹ ತಿರುಗುವುದು ಸೊಂಟದ ಎಡದಿಂದ ಬಲಕ್ಕೆ ಹಾಯುವ ಇಂಥದೊಂದು ಅಡ್ಡಗೆರೆಯ ಸುತ್ತ. ಬಹುಕಾಲ ಹಿಮದ ಮೇಲಿನ ಜಿಗಿತಗಳೆಲ್ಲ ಈ ಎರಡರಲ್ಲಿ ಒಂದಾಗಿದ್ದವು: ಬುಗುರಿಯ ಸುತ್ತು ಇಲ್ಲವೇ ಚಕ್ರದ ಉರುಳು. ಕೆಲವರು ಚಕ್ರದ ಉರುಳಿಗೆ ದೇಹದ ತಿರುಚನ್ನೂ ಸೇರಿಸುತ್ತಿದ್ದರು. ಆದರೆ ಆಗಲೂ ಉರುಳು ಉರುಳಾಗಿ, ತಿರುಚು ತಿರುಚಾಗಿ ಬೇರೆಬೇರೆ ಎಣಿಸಲ್ಪಡುತ್ತಿದ್ದವು. ಓರೆ ಅಕ್ಷದ ಲಾಗದಲ್ಲಿ ಹಾಗಲ್ಲ. ಅಲ್ಲಿ ತಿರುಗುವ ಗೆರೆಯೇ ಲಂಬಕ್ಕೂ ಅಡ್ಡಕ್ಕೂ ನಡುವೆ ವಾಲಿ ನಿಂತಿರುತ್ತದೆ. ಕಾಲು ಮೇಲಾದನೆಂದು ಹೇಳುವಂತಿಲ್ಲ, ನೆಟ್ಟಗಿದ್ದಾನೆಂದೂ ಹೇಳುವಂತಿಲ್ಲ. ಗಾಳಿಯಲ್ಲಿ ಒರಗಿ ಮಲಗಿದವನಂತೆ ಕಾಣುತ್ತ ಅವನು ಸುತ್ತುತ್ತಾನೆ.

ಇದು ಹೇಗೆ ಸಾಧ್ಯವೆಂಬುದಕ್ಕೆ ಭೌತಶಾಸ್ತ್ರ ಸ್ಪಷ್ಟವಾದ ಉತ್ತರ ಕೊಡುತ್ತದೆ. ನೆಲ ಬಿಟ್ಟ ದೇಹದ ಮೇಲೆ, ಗಾಳಿಯ ಅಲ್ಪಸ್ವಲ್ಪ ತಡೆಯನ್ನು ಬದಿಗಿಟ್ಟರೆ, ಅದನ್ನು ತಿರುಗಿಸುವ ಯಾವ ಹೊರಗಿನ ಬಲವೂ ಇರುವುದಿಲ್ಲ. ಆದ್ದರಿಂದ ದಿಬ್ಬದ ತುದಿಯನ್ನು ಬಿಡುವ ಕ್ಷಣದಲ್ಲಿ ಎಷ್ಟು ಕೋನೀಯ ಸಂವೇಗ ದೊರೆತಿತ್ತೋ, ಅದು ಯಾವ ದಿಕ್ಕಿನದಾಗಿತ್ತೋ, ಇಳಿಯುವವರೆಗೂ ಅಷ್ಟೇ, ಅದೇ. ಗಾಳಿಯಲ್ಲಿ ಸಾಲ ತರಲು ಯಾರೂ ಇಲ್ಲ. ಆದರೆ ಇರುವುದನ್ನು ಹಂಚಿಕೊಳ್ಳುವ ಸ್ವಾತಂತ್ರ್ಯವುಂಟು. ಕೈಕಾಲುಗಳನ್ನು ಮೈಗೆ ಸೆಳೆದುಕೊಂಡರೆ ಸುತ್ತು ವೇಗವಾಗುತ್ತದೆ, ಚಾಚಿದರೆ ನಿಧಾನವಾಗುತ್ತದೆ. ಒಂದು ತೋಳನ್ನು ಮೇಲಕ್ಕೆತ್ತಿ ಇನ್ನೊಂದನ್ನು ಕೆಳಕ್ಕಿಳಿಸಿದರೆ ದೇಹ ಒಂದು ಪಕ್ಕಕ್ಕೆ ವಾಲುತ್ತದೆ. ಹಾಗೆ ವಾಲಿದ ಕೂಡಲೇ ಉರುಳಿನ ಒಂದು ಪಾಲು ತಾನಾಗಿಯೇ ತಿರುಚಾಗಿ ಹೊರಳುತ್ತದೆ. ಹಿಡಿದು ಕೆಳಕ್ಕೆ ಬಿಟ್ಟ ಬೆಕ್ಕು ಯಾವ ಸುತ್ತನ್ನೂ ಪಡೆಯದೆ ನಡುವನ್ನು ಬಾಗಿಸಿ ತಿರುಗಿ ಕಾಲಿನ ಮೇಲೆಯೇ ಇಳಿಯುವುದನ್ನು ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1894ರಲ್ಲಿಯೇ ಸರಣಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದಿದ್ದರು. ಸ್ಕೀ ಹಾಕಿದವನಿಗೆ ಬೆಕ್ಕಿನಷ್ಟು ಸೌಲಭ್ಯವಿಲ್ಲ. ಅವನ ಕಾಲಿಗೆ ಒಂದಾಳುದ್ದದ ಹಲಗೆಗಳು ಕಟ್ಟಿರುತ್ತವೆ. ಹೀಗಾಗಿ ಅವನು ಮುಖ್ಯವಾಗಿ ನೆಚ್ಚಬೇಕಾದದ್ದು ದಿಬ್ಬವನ್ನು ಬಿಡುವ ಗಳಿಗೆಯನ್ನು. ಆ ಗಳಿಗೆಯಲ್ಲಿ ಭುಜವನ್ನು ಬರಿಯ ಪಕ್ಕಕ್ಕೆ ತಿರುಗಿಸದೆ, ಬರಿಯ ಹಿಂದಕ್ಕೂ ಎಸೆಯದೆ, ಎರಡರ ನಡುವಣ ದಿಕ್ಕಿನಲ್ಲಿ ಬೀಸಿದರೆ ಅಕ್ಷ ಓರೆಯಾಗುತ್ತದೆ. ಗುಟ್ಟೆಲ್ಲ ಇಷ್ಟೇ. ಇಷ್ಟನ್ನು ದೇಹಕ್ಕೆ ಕಲಿಸಲು ಮಾತ್ರ ವರ್ಷಗಳು ಬೇಕಾಗುತ್ತವೆ.

ಈಗ ಇತಿಹಾಸಕ್ಕೆ ಬರೋಣ. ಹಿಮದ ಮೇಲಿನ ಅಂತರ್ಲಾಗಕ್ಕೆ ಲೋಕಪ್ರಸಿದ್ಧಿ ತಂದವರು ನಾರ್ವೆಯ ಸ್ಟೈನ್ ಎರಿಕ್‌ಸನ್. 1952ರಲ್ಲಿ ಓಸ್ಲೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಜಯಂಟ್ ಸ್ಲಾಲಮ್ ಎಂಬ ಇಳಿಜಾರಿನ ಓಟದಲ್ಲಿ ಚಿನ್ನದ ಪದಕ ಗೆದ್ದವರು ಅವರು. ತಂದೆ ಮಾರಿಯಸ್ ಎರಿಕ್‌ಸನ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದ ಜಿಮ್ನಾಸ್ಟ್. ಅಂಗಸಾಧನೆಯ ಆ ವಿದ್ಯೆ ಮಗನಿಗೂ ಬಂದಿತ್ತು. ಅಮೆರಿಕಕ್ಕೆ ಹೋಗಿ ನೆಲೆಸಿ ಸ್ಕೀ ಶಾಲೆಗಳನ್ನು ನಡೆಸಿದ ಎರಿಕ್‌ಸನ್, ದಿಬ್ಬದಿಂದ ಹಾರಿ, ಹಂಸದಂತೆ ತೋಳು ಚಾಚಿ, ಮೈಯನ್ನು ಮುದುಡದೆ ಮುಂದಕ್ಕೆ ಒಂದು ಲಾಗ ಹಾಕಿ, ಏನೂ ಆಗಿಲ್ಲವೆಂಬಂತೆ ಜಾರಿ ಹೋಗುತ್ತಿದ್ದರು. ಅದನ್ನು ನೋಡಲೆಂದೇ ಜನ ಸೇರುತ್ತಿದ್ದರು. ಅವರದು ಶುದ್ಧವಾದ ಚಕ್ರದ ಉರುಳು. ಅಕ್ಷ ಪೂರ್ತಿ ಅಡ್ಡ. ಅದರಲ್ಲಿ ವಾಲುವಿಕೆಯ ಸುಳಿವೂ ಇರಲಿಲ್ಲ. ವಾಲಿದ್ದರೆ ಅದನ್ನು ಅಂದಿನವರು ತಪ್ಪೆಂದೇ ಎಣಿಸುತ್ತಿದ್ದರು.

1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ತರುಣರಲ್ಲಿ ಈ ಹುಚ್ಚು ಹರಡಿತು. ಹಾಟ್‌ಡಾಗ್ ಎಂಬ ಅಡ್ಡಹೆಸರಿನಲ್ಲಿ ಅವರು ಶಾಲೆಯ ಶಿಸ್ತನ್ನೆಲ್ಲ ಗಾಳಿಗೆ ತೂರಿ ಕುಣಿದರು, ಹಾರಿದರು. 1969ರ ಒಂದು ಚಲನಚಿತ್ರ ಮೋಬಿಯಸ್ ಲಾಗ ಎಂಬ ಹೆಸರನ್ನೇ ಹೊತ್ತು ಬಂದಿತು. ಆಸ್ಟ್ರಿಯಾ ಮೂಲದ ಹರ್ಮನ್ ಗೋಲ್ನರ್ ಮೊದಲಾದವರು ಉರುಳಿನ ನಡುವೆ ದೇಹವನ್ನು ಒಂದು ಸುತ್ತು ತಿರುಚಿ ಇಳಿಯುತ್ತಿದ್ದ ಬಗೆ ಅದು. ಕಾಗದದ ಪಟ್ಟಿಯೊಂದನ್ನು ತಿರುಚಿ ತುದಿಗಳನ್ನು ಅಂಟಿಸಿದರೆ ಒಳಮೈ ಹೊರಮೈಗಳ ಭೇದ ಅಳಿಸಿಹೋಗುವ ಮೋಬಿಯಸ್ ಪಟ್ಟಿ ಗಣಿತದಲ್ಲಿ ಪ್ರಸಿದ್ಧ. ಹೆಸರು ಅಲ್ಲಿಂದ ಬಂದದ್ದು. 1971ರಲ್ಲಿ ನ್ಯೂ ಹ್ಯಾಂಪ್‌ಶೈರಿನ ವಾಟರ್‌ವಿಲ್ ಕಣಿವೆಯಲ್ಲಿ ಈ ಪ್ರದರ್ಶನಕಲೆಗೆ ಬಹುಮಾನಗಳ ಸ್ಪರ್ಧೆಯೂ ಏರ್ಪಟ್ಟಿತು.

ಆದರೆ ಕಲಿಕೆಗಿಂತ ಧೈರ್ಯ ಮುಂದೆ ಓಡಿತು. ಇಂದು ಈ ಆಟಗಾರರು ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಸಿನ ಜಾರುಬಂಡೆಯಿಂದ ಕೊಳದ ನೀರಿಗೆ ಹಾರಿ, ನೂರಾರು ಬಾರಿ ಅಭ್ಯಾಸ ಮಾಡಿದ ಮೇಲೆಯೇ ಹಿಮಕ್ಕೆ ಬರುತ್ತಾರೆ. ಅಂದಿನವರು ನೇರವಾಗಿ ಹಿಮದ ಮೇಲೆಯೇ ಕಲಿಯುತ್ತಿದ್ದರು. ತಲೆಕೆಳಗಾಗಿ ಹಾರಿ ಕತ್ತಿನ ಮೇಲೆ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಜೀವನಪರ್ಯಂತ ಗಾಲಿಕುರ್ಚಿಗೆ ಸೇರಿದ ತರುಣರಿದ್ದಾರೆ. ವಿಮಾ ಸಂಸ್ಥೆಗಳು ಹೆದರಿದವು. ಬೆಟ್ಟಗಳ ಒಡೆಯರು ಹಿಂಜರಿದರು. 1970ರ ದಶಕದಲ್ಲಿ ಅಮೆರಿಕದ ಹಿಮತಾಣಗಳಲ್ಲಿ ತಲೆಕೆಳಗಾದ ಲಾಗಗಳಿಗೆ ನಿಷೇಧ ಬಿತ್ತು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1979ರಲ್ಲಿ ಫ್ರೀಸ್ಟೈಲನ್ನು ಅಧಿಕೃತ ಕ್ರೀಡೆಯೆಂದು ಅಂಗೀಕರಿಸಿದಾಗ ಅದರ ಜೊತೆಗೇ ಕಟ್ಟುನಿಟ್ಟಾದ ನಿಯಮಗಳನ್ನೂ ತಂದಿತು. ತಲೆಕೆಳಗಿನ ವಿದ್ಯೆ ಏರಿಯಲ್ಸ್ ಎಂಬ ಒಂದೇ ವಿಭಾಗಕ್ಕೆ ಸೀಮಿತವಾಯಿತು. ಅಲ್ಲಿ ಪ್ರತಿಯೊಬ್ಬ ಆಟಗಾರನೂ ತಾನು ಹಾಕಲಿರುವ ಲಾಗಕ್ಕೆ ಅರ್ಹನೆಂದು ಮೊದಲೇ ರುಜುವಾತುಪಡಿಸಬೇಕು. ಈ ನಿಯಮಗಳನ್ನು ಹಳಿಯುವಂತಿಲ್ಲ. ಮುರಿದ ಕತ್ತುಗಳನ್ನು ಕಂಡವರು ಬರೆದ ನಿಯಮಗಳವು.

ಫ್ರೀಸ್ಟೈಲಿನ ಇನ್ನೊಂದು ವಿಭಾಗಕ್ಕೆ ಮೊಗಲ್ಸ್ ಎಂದು ಹೆಸರು. ಕಡಿದಾದ ಇಳಿಜಾರಿನ ತುಂಬ ಮೊಣಕಾಲೆತ್ತರದ ಹಿಮಗುಪ್ಪೆಗಳು. ಅವುಗಳ ನಡುವೆ ಸರಸರನೆ ತಿರುಗುತ್ತ ಇಳಿಯಬೇಕು. ದಾರಿಯಲ್ಲಿ ಎರಡು ಕಡೆ ದಿಬ್ಬದಿಂದ ಹಾರಿ ಏನಾದರೂ ಚಮತ್ಕಾರ ತೋರಬೇಕು. ನಮ್ಮ ಕಥೆ ನಡೆಯುವುದು ಇಲ್ಲಿ. ಈ ಜಿಗಿತಗಳ ವಿಷಯದಲ್ಲಿ ನಿಯಮ ಖಚಿತವಾಗಿತ್ತು: ಪಾದಗಳು ತಲೆಗಿಂತ ಮೇಲೆ ಹೋಗಕೂಡದು. ಆದ್ದರಿಂದ ಆಟಗಾರರು ಹದ್ದಿನಂತೆ ಕೈಕಾಲು ಅಗಲಿಸುವುದು, ಗಾಳಿಯಲ್ಲಿ ಹೆಜ್ಜೆಯಿಡುವಂತೆ ಕಾಲು ಚಾಚುವುದು, ಹೆಲಿಕಾಪ್ಟರ್ ಎಂಬ ಹೆಸರಿನಲ್ಲಿ ನೆಟ್ಟಗೆ ನಿಂತು ಒಂದು ಸುತ್ತು ತಿರುಗುವುದು, ಇವನ್ನೇ ಜೋಡಿಸಿ ಜೋಡಿಸಿ ತೋರಿಸುತ್ತಿದ್ದರು. ಮೊಗಲ್ಸ್ 1992ರಲ್ಲಿ ಫ್ರಾನ್ಸಿನ ಆಲ್ಬರ್‌ವಿಲ್‌ನಲ್ಲಿ ಒಲಿಂಪಿಕ್ ಪದಕದ ಸ್ಪರ್ಧೆಯಾಯಿತು. ಕ್ರೀಡೆಗೆ ಮರ್ಯಾದೆ ಬಂದಿತು. ಆದರೆ ಸ್ವಚ್ಛಂದವೆಂಬ ಹೆಸರು ಹೊತ್ತ ಶೈಲಿಯಲ್ಲಿ ಛಂದ ಮಾತ್ರ ಉಳಿದು, ಸ್ವಂತದ್ದು ಕರಗತೊಡಗಿತು.

ಅಷ್ಟರಲ್ಲಿ ಹೊಸ ಗಾಳಿ ಬೀಸಿದ್ದು ಬೇರೊಂದು ದಿಕ್ಕಿನಿಂದ. 1984ರಲ್ಲಿ ಸ್ವೀಡನ್ನಿನ ಒಂದು ಬೇಸಿಗೆ ಶಿಬಿರದಲ್ಲಿ ಅಮೆರಿಕದ ಮೈಕ್ ಮೆಕ್‌ಗಿಲ್ ಎಂಬ ಸ್ಕೇಟ್‌ಬೋರ್ಡ್ ಆಟಗಾರ ಅರ್ಧ ಕೊಳವೆಯಾಕಾರದ ಬಯಲಿನ ಗೋಡೆಯಿಂದ ಹಾರಿ, ಉರುಳನ್ನೂ ಸುತ್ತನ್ನೂ ಬೆರೆಸಿ, ಒಂದೂವರೆ ಸುತ್ತು ತಿರುಗಿ ಗಾಲಿಹಲಗೆಯ ಮೇಲೆ ಇಳಿದರು. ಅವರ ಹೆಸರಿನಿಂದಲೇ ಅದು ಮೆಕ್‌ಟ್ವಿಸ್ಟ್ ಎನಿಸಿತು. ಇಂಥ ಗೋಡೆಯ ಗುಣವೇ ಅಕ್ಷವನ್ನು ಓರೆಯಾಗಿಸುವುದು. ಅದರ ತುದಿ ಆಟಗಾರನನ್ನು ನೇರ ಆಕಾಶಕ್ಕೆ ಎಸೆಯುತ್ತದೆ. ಅವನು ಅದೇ ಗೋಡೆಗೆ ಮುಖ ಕೆಳಗಾಗಿ ಮರಳಬೇಕು. ಬರಿಯ ಉರುಳಿನಿಂದ ಅಥವಾ ಬರಿಯ ಸುತ್ತಿನಿಂದ ತೃಪ್ತನಾಗದವನು ಎರಡನ್ನೂ ಒಟ್ಟಿಗೆ ಮಾಡಹೊರಟರೆ ದೇಹ ನಡುವಣ ದಾರಿ ಹಿಡಿಯುತ್ತದೆ. ಈ ವಿದ್ಯೆ ಗಾಲಿಹಲಗೆಯಿಂದ ಹಿಮಹಲಗೆಗೆ, ಅಂದರೆ ಸ್ನೋಬೋರ್ಡಿಗೆ ಸಾಗಿತು. 1990ರ ದಶಕದಲ್ಲಿ ಬೆಟ್ಟಗಳ ಮೇಲೆ ಒಂದೇ ಹಲಗೆಯವರು ಹಾಡಿದ್ದೇ ಹಾಡು, ಹಾರಿದ್ದೇ ಹಾರಾಟ. ಎರಡು ಸ್ಕೀ ಕಟ್ಟಿದವರು ಅವರ ಎದುರು ಮುದುಕರಂತೆ ಕಾಣತೊಡಗಿದ್ದರು.

ಇದನ್ನು ಕಂಡು ಸುಮ್ಮನಿರಲಾರದವರಲ್ಲಿ ಕೆನಡಾದ ಕೆಲವು ಮೊಗಲ್ಸ್ ಆಟಗಾರರು ಮುಖ್ಯರು. ಕ್ವಿಬೆಕ್ ಪ್ರಾಂತ್ಯದ ಜೆ. ಪಿ. ಒಕ್ಲೇರ್, ಜೆ. ಎಫ್. ಕ್ಯೂಸನ್, ವಿನ್ಸೆಂಟ್ ಡೋರಿಯೊನ್. ಅವರೊಡನೆ ವಿಸ್ಲರ್ ಪರ್ವತಪ್ರದೇಶದಲ್ಲಿ ನೆಲೆಸಿದ್ದ ಮೈಕ್ ಡಗ್ಲಾಸ್. 1980ರ ದಶಕದಲ್ಲಿ ಏರಿಯಲ್ಸ್ ವಿಭಾಗದಲ್ಲಿ ಮೆರೆದ ಕ್ವಿಬೆಕ್ ಆಟಗಾರರಿಗೆ ವಾಯುಪಡೆಯೆಂಬ ಅಡ್ಡಹೆಸರಿತ್ತು; ಈ ಹೊಸ ತರುಣರಿಗೆ ‘ಹೊಸ ಕೆನಡಾ ವಾಯುಪಡೆ’ ಎಂಬ ಹೆಸರು ಬಂದಿತು. ಸ್ನೋಬೋರ್ಡಿನವರಿಗಾಗಿ ಕಟ್ಟಿದ ದಿಬ್ಬಗಳ ಮೇಲೆ ಇವರು ಸ್ಕೀ ಹಾಕಿಕೊಂಡು ಹಾರಿ, ಆ ಓರೆ ಸುತ್ತುಗಳನ್ನು ತಮ್ಮ ಕಾಲಿಗೆ ಒಗ್ಗಿಸಿಕೊಂಡರು. ಮೊಗಲ್ಸ್ ಆಟಗಾರರಾದ ಇವರ ಬೆನ್ನಿಗೆ ಹಳೆಯ ನಿಯಮ ಕಟ್ಟಿಕೊಂಡೇ ಇತ್ತು. ಪಾದ ತಲೆಗಿಂತ ಮೇಲೆ ಹೋಗಕೂಡದು ಎಂದಿದೆ. ತಲೆಯ ಮಟ್ಟಕ್ಕೆ ಬರಕೂಡದು ಎಂದೇನೂ ಇಲ್ಲ. ದೇಹ ನೆಟ್ಟಗಿರಲೇಬೇಕೆಂದೂ ಬರೆದಿಲ್ಲ. ಹಾಗಾದರೆ ಪಕ್ಕಕ್ಕೆ ಒರಗಿ, ಮಲಗಿದಂತೆ ತಿರುಗಿದರೆ ಅದಕ್ಕೆ ಏನನ್ನಬೇಕು? ನಿಯಮ ಬರೆದವರು ಆಕಾಶವನ್ನು ನೆಟ್ಟಗೆ ಮತ್ತು ತಲೆಕೆಳಗೆ ಎಂದು ಎರಡು ಪಾಲು ಮಾಡಿದ್ದರು. ಮೂರನೆಯದೊಂದು ಇದೆಯೆಂದು ಈ ಹುಡುಗರು ತೋರಿಸಿದರು.

ಸಲಕರಣೆಯೂ ಬದಲಾಗಬೇಕಾಯಿತು. ರೂಢಿಯ ಸ್ಕೀಯ ಮುಂದಿನ ತುದಿ ಮಾತ್ರ ಮೇಲಕ್ಕೆ ಬಾಗಿರುತ್ತಿತ್ತು. ಹಿಂದುಹಿಂದಾಗಿ ಇಳಿದರೆ ಚಪ್ಪಟೆಯಾದ ಬಾಲ ಹಿಮದಲ್ಲಿ ನೆಟ್ಟು ಆಟಗಾರನನ್ನು ಕೆಡವುತ್ತಿತ್ತು. ಡಗ್ಲಾಸ್ ಮತ್ತು ಗೆಳೆಯರು ಎರಡು ತುದಿಗಳೂ ಬಾಗಿರುವ ಸ್ಕೀಯೊಂದನ್ನು ಮಾಡಿಕೊಡಿರೆಂದು ತಯಾರಕರನ್ನು ಕೇಳುತ್ತ ಹೋದರು. ಕೊನೆಗೆ ಒಪ್ಪಿದ ಸಾಲೊಮನ್ ಕಂಪನಿ 1998ರಲ್ಲಿ ಟೆನ್ ಏಯ್ಟಿ ಎಂಬ ಸ್ಕೀಯನ್ನು ಮಾರುಕಟ್ಟೆಗೆ ತಂದಿತು. 1080 ಎಂಬ ಆ ಹೆಸರಿನ ಅರ್ಥ ಗಣಿತದ್ದು: ಒಂದು ಸುತ್ತಿಗೆ 360 ಡಿಗ್ರಿಯಾದರೆ ಮೂರು ಸುತ್ತಿಗೆ 1080. ಹಿಂದುಮುಂದಾಗಿ ಹೊರಡಬಹುದು, ಹಿಂದುಮುಂದಾಗಿ ಇಳಿಯಬಹುದು ಎಂದಾದ ಮೇಲೆ ಅರ್ಧ ಸುತ್ತುಗಳಿಗೂ ಬೆಲೆ ಬಂದಿತು. 540, 900, 1260 ಎಂಬ ಎಣಿಕೆಗಳು ಹುಟ್ಟಿದ್ದು ಹೀಗೆ.

ಹೊಸ ಲಾಗಗಳಿಗೆ ಹೆಸರುಗಳೂ ಬೇಕಲ್ಲ. ಹಿಂದಕ್ಕೆ ಓರೆಯಾಗಿ ಉರುಳುವುದು ರೋಡಿಯೊ. ಮುಂದಿನ ಭುಜದ ಮೇಲಿಂದ ಉರುಳುವುದು ಮಿಸ್ಟಿ. ಒರಗಿದ ದೇಹ ತಿರುಪಿನಂತೆ ಸುತ್ತುತ್ತ ಮುಂದೆ ಸಾಗುವುದು ಕಾರ್ಕ್. ಈ ಕೊನೆಯ ಹೆಸರು ಸೀಸೆಯ ಬಿರಡೆ ತೆಗೆಯುವ ಸುರುಳಿ ತಿರುಪಿನಿಂದ ಬಂದದ್ದು. ಕನ್ನಡದಲ್ಲಿ ಬಿರಡೆ ಲಾಗ ಎಂದರೆ ತಪ್ಪಾಗಲಾರದು. ಒಂದೇ ಜಿಗಿತದಲ್ಲಿ ಎರಡು ಬಾರಿ ಒರಗಿದರೆ ಡಬಲ್ ಕಾರ್ಕ್, ಮೂರು ಬಾರಿಯಾದರೆ ಟ್ರಿಪಲ್. ಈ ಬಗೆಯ ಲಾಗಗಳಿಗೆ ಒಬ್ಬನೇ ಜನಕನನ್ನು ಹುಡುಕುವುದು ವ್ಯರ್ಥ. ಸ್ಕೇಟ್‌ಬೋರ್ಡಿನವರು ಬೀಜ ಕೊಟ್ಟರು, ಸ್ನೋಬೋರ್ಡಿನವರು ಬೆಳೆಸಿದರು, ಮೊಗಲ್ಸ್ ತರುಣರು ಅದನ್ನು ಎರಡು ಸ್ಕೀಗಳ ನೆಲಕ್ಕೆ ಕಸಿ ಮಾಡಿದರು.

ನಿಯಮಕ್ಕೂ ಈ ಹೊಸ ವಿದ್ಯೆಗೂ ಬಹಿರಂಗವಾಗಿ ಮುಖಾಮುಖಿಯಾದದ್ದು 2002ರಲ್ಲಿ. ಅಮೆರಿಕದ ಜಾನಿ ಮೋಸ್ಲಿ 1998ರ ನಾಗಾನೋ ಒಲಿಂಪಿಕ್ಸ್‌ನಲ್ಲಿ ಮೊಗಲ್ಸ್ ಚಿನ್ನ ಗೆದ್ದಿದ್ದರು. ಅಂದು ಅವರು ನೆಟ್ಟಗೆ ಒಂದು ಸುತ್ತು ತಿರುಗುವಾಗ ಕೈಯಿಂದ ಸ್ಕೀಯನ್ನು ಹಿಡಿದು ತೋರಿಸಿದ್ದೇ ಹೊಸತೆನಿಸಿತ್ತು. ನಾಲ್ಕು ವರ್ಷಗಳ ನಂತರ ಸಾಲ್ಟ್ ಲೇಕ್ ನಗರದ ಒಲಿಂಪಿಕ್ಸ್‌ಗೆ ಅವರು ಸಿದ್ಧಪಡಿಸಿಕೊಂಡದ್ದು ಡಿನ್ನರ್ ರೋಲ್ ಎಂಬ ಓರೆ ಅಕ್ಷದ ಎರಡು ಸುತ್ತಿನ ಲಾಗ, ಅಂದರೆ 720. ಪಾಶ್ಚಾತ್ಯರು ಊಟದ ತಟ್ಟೆಯ ಪಕ್ಕದಲ್ಲಿಡುವ ದುಂಡು ಬ್ರೆಡ್ಡಿಗೂ ಅದೇ ಹೆಸರು; ರೋಲ್ ಎಂದರೆ ಉರುಳು ಎಂದೂ ಅರ್ಥ. ದೇಹ ಅಡ್ಡಲಾಗಿ ಮಲಗಿದಂತೆ ಉರುಳುತ್ತದೆ, ಆದರೆ ಪಾದಗಳು ತಲೆಯ ಮೇಲಕ್ಕೆ ಹೋಗುವುದಿಲ್ಲ. ಇದು ನಿಯಮಬದ್ಧವೇ ಎಂದು ಅಧಿಕಾರಿಗಳಿಗೆ ಮನಗಾಣಿಸಲು ಮೋಸ್ಲಿ ಬಹಳ ಶ್ರಮಪಡಬೇಕಾಯಿತು. ಕೊನೆಗೆ ಒಪ್ಪಿಗೆ ದೊರೆಯಿತು.

ಒಪ್ಪಿಗೆ ಬೇರೆ, ಅಂಕ ಬೇರೆ. ಮೊಗಲ್ಸ್‌ನಲ್ಲಿ ಆಗ ಅರ್ಧದಷ್ಟು ಅಂಕಗಳು ತಿರುವುಗಳ ಅಂದಕ್ಕೆ, ಕಾಲು ಭಾಗ ವೇಗಕ್ಕೆ. ಜಿಗಿತಕ್ಕೆ ಉಳಿಯುತ್ತಿದ್ದದ್ದು ಕಾಲು ಭಾಗ ಮಾತ್ರ. ಎಷ್ಟೇ ಅಪೂರ್ವವಾದ ಲಾಗವಾದರೂ ಆ ಚೌಕಟ್ಟನ್ನು ದಾಟುವಂತಿರಲಿಲ್ಲ. ಇದು ಮೋಸ್ಲಿಗೆ ತಿಳಿಯದ ವಿಷಯವಲ್ಲ. ಸುರಕ್ಷಿತವಾದ ಹಳೆಯ ಜಿಗಿತವನ್ನು ಬಿಟ್ಟು ಅವರು ಡಿನ್ನರ್ ರೋಲನ್ನೇ ಹಾಕಿದರು, ಸರಿಯಾಗಿಯೇ ಇಳಿದರು, ಪ್ರೇಕ್ಷಕರು ಭೋರ್ಗರೆದರು. ಫಿನ್‌ಲೆಂಡಿನ ಯಾನೆ ಲಾಹ್ತೆಲಾ ಚಿನ್ನ ಗೆದ್ದರು. ಮೋಸ್ಲಿ ನಾಲ್ಕನೆಯವರಾದರು; ಅವರಿಗೆ ಯಾವ ಪದಕವೂ ಬರಲಿಲ್ಲ. ಈ ಸ್ಪರ್ಧೆ ನಡೆದದ್ದು ಯೂಟಾ ರಾಜ್ಯದ ಡಿಯರ್ ವ್ಯಾಲಿಯಲ್ಲಿ. ಅಲ್ಲಿ ಬಹುಕಾಲ ಸ್ಕೀ ನಿರ್ದೇಶಕರಾಗಿದ್ದವರು, ಓಸ್ಲೋದಲ್ಲಿ ಐವತ್ತು ವರ್ಷಗಳ ಹಿಂದೆ ಗೆದ್ದ ಅದೇ ಸ್ಟೈನ್ ಎರಿಕ್‌ಸನ್. ಹಂಸದಂತೆ ತೋಳು ಚಾಚಿದ ಆ ಅಡ್ಡ ಅಕ್ಷದ ಲಾಗದಿಂದ ಈ ಓರೆ ಅಕ್ಷದ ಉರುಳಿನವರೆಗಿನ ಹಾದಿ ಅದೊಂದೇ ಬೆಟ್ಟದ ಮೇಲೆ ಬಂದು ಕೂಡಿಕೊಂಡಂತಾಯಿತು.

ಪದಕ ಸೋತ ಲಾಗ ವಾದದಲ್ಲಿ ಗೆದ್ದಿತು. 2006ರ ಟ್ಯೂರಿನ್ ಒಲಿಂಪಿಕ್ಸ್‌ನ ವೇಳೆಗೆ ಮೊಗಲ್ಸ್‌ನಲ್ಲಿ ತಲೆಕೆಳಗಾದ ಲಾಗಗಳಿಗೂ ಅನುಮತಿ ದೊರೆತಿತ್ತು. ಅತ್ತ, ಒಕ್ಕೂಟದ ಅಂಗಳದ ಹೊರಗೆ ಬೆಳೆದ ಹೊಸ ಶಾಲೆಯ ಸ್ಕೀ ತನ್ನದೇ ಸ್ಪರ್ಧೆಗಳನ್ನು ಕಟ್ಟಿಕೊಂಡಿತು. ಅವು 2014ರಲ್ಲಿ ರಷ್ಯದ ಸೋಚಿಯಲ್ಲಿ ಹಾಫ್‌ಪೈಪ್ ಮತ್ತು ಸ್ಲೋಪ್‌ಸ್ಟೈಲ್ ಎಂಬ ಹೆಸರಿನಲ್ಲಿ ಒಲಿಂಪಿಕ್ಸ್ ಪ್ರವೇಶಿಸಿದವು. 2022ರ ಬೀಜಿಂಗ್ ಕ್ರೀಡಾಕೂಟದಲ್ಲಿ ಹಳೆಯ ಉಕ್ಕಿನ ಕಾರ್ಖಾನೆಯೊಂದರ ಆವರಣದಲ್ಲಿ ಕಟ್ಟಿದ ಭಾರಿ ದಿಬ್ಬದಿಂದ ಫ್ರಾನ್ಸಿನ ಟೆಸ್ ಲೆಡೂ 1620 ಡಿಗ್ರಿಗಳ, ಎಂದರೆ ನಾಲ್ಕೂವರೆ ಸುತ್ತುಗಳ ಲಾಗ ಹಾಕಿದರು. ಚೀನಾದ ಪರವಾಗಿ ಆಡಿದ ಐಲೀನ್ ಗು, ತಾವು ಹಿಂದೆಂದೂ ಸ್ಪರ್ಧೆಯಲ್ಲಿ ಹಾಕಿರದ ಅಂಥದೇ ಡಬಲ್ ಕಾರ್ಕ್ 1620ನ್ನು ಕೊನೆಯ ಸರದಿಯಲ್ಲಿ ಹಾಕಿ ಚಿನ್ನ ಗೆದ್ದರು. ನಿಯಮದ ಸಂದಿನಲ್ಲಿ ಅಡಗಿ ಹುಟ್ಟಿದ ವಿದ್ಯೆ ಕಾಲು ಶತಮಾನದೊಳಗೆ ನಿಯಮದ ಮುಖ್ಯ ಅಧ್ಯಾಯವಾಗಿಬಿಟ್ಟಿತು.

ಇಲ್ಲಿಗೆ ಕಥೆ ಮುಗಿಸಿದರೆ ಅದು ಬರಿಯ ಜಯಘೋಷವಾದೀತು. ಹಾಫ್‌ಪೈಪ್ ಒಲಿಂಪಿಕ್ಸ್‌ಗೆ ಸೇರಬೇಕೆಂದು ವರ್ಷಗಟ್ಟಲೆ ವಾದಿಸಿದವರಲ್ಲಿ ಕೆನಡಾದ ಸಾರಾ ಬರ್ಕ್ ಅಗ್ರಗಣ್ಯರು. ಸ್ಪರ್ಧೆಯಲ್ಲಿ 1080 ಸಾಧಿಸಿದ ಮೊದಲ ಮಹಿಳೆಯೆಂದು ಅವರಿಗೆ ಕೀರ್ತಿ. 2011ರಲ್ಲಿ ಅವರ ಬೇಡಿಕೆಗೆ ಒಪ್ಪಿಗೆ ಸಿಕ್ಕಿತು. 2012ರ ಜನವರಿಯಲ್ಲಿ ಯೂಟಾದಲ್ಲಿ ಅಭ್ಯಾಸದ ವೇಳೆ ಬಿದ್ದು, ಕತ್ತಿನ ರಕ್ತನಾಳ ಹರಿದು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 29 ವರ್ಷ. ತಾವೇ ತೆರೆಸಿದ ಬಾಗಿಲನ್ನು ದಾಟಲು ಅವರು ಉಳಿಯಲಿಲ್ಲ. 1970ರ ದಶಕದ ನಿಷೇಧಕ್ಕೆ ಕಾರಣವಾದ ಆ ಕತ್ತು, ಆ ಬೆನ್ನುಹುರಿ ಇಂದಿಗೂ ಅಷ್ಟೇ ಮೆದು. ನೀರಿನ ಕೊಳ, ಗಾಳಿ ತುಂಬಿದ ಹಾಸಿಗೆ, ಶಿರಸ್ತ್ರಾಣಗಳು ಅಪಾಯವನ್ನು ತಗ್ಗಿಸಿವೆ, ಅಳಿಸಿಲ್ಲ. ಸುತ್ತುಗಳ ಎಣಿಕೆ ಹೆಚ್ಚಿದಷ್ಟೂ ಹಾರಬೇಕಾದ ಎತ್ತರ ಹೆಚ್ಚುತ್ತದೆ, ಎತ್ತರ ಹೆಚ್ಚಿದಷ್ಟೂ ಬೀಳುವ ಪೆಟ್ಟು ಹೆಚ್ಚುತ್ತದೆ.

ಹಾಗಾದರೆ ನಿಯಮ ಮಾಡಿದವರು ಸರಿಯೋ, ಅದನ್ನು ಬಾಗಿಸಿದವರು ಸರಿಯೋ? ಸಾಹಿತ್ಯವನ್ನು ಬಲ್ಲವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಛಂದಸ್ಸಿನ ಕಟ್ಟು ಇಲ್ಲದಿದ್ದರೆ ಹೊಸ ಲಯ ಹುಡುಕುವ ಹಂಬಲ ಕವಿಗೆ ಹುಟ್ಟುತ್ತಿತ್ತೇ ಎಂದು ನಾವು ಕೇಳುವುದುಂಟು. ತಲೆಕೆಳಗಾಗಲು ಮೊದಲಿನಿಂದಲೂ ಬಿಟ್ಟಿದ್ದರೆ ಮೊಗಲ್ಸ್ ತರುಣರು ಎರಿಕ್‌ಸನ್ನರ ಹಳೆಯ ಲಾಗವನ್ನೇ ಮತ್ತೆ ಹಾಕಿ ತೃಪ್ತರಾಗಿರಬಹುದಿತ್ತು. ಆ ದಾರಿ ಮುಚ್ಚಿದ್ದರಿಂದಲೇ ಅವರು ಪಕ್ಕಕ್ಕೆ ವಾಲಿದರು. ವಾಲಿದ್ದರಿಂದಲೇ ಹೊಸದೊಂದು ಅವರಿಗೆ ಕಂಡಿತು. ನಿಯಮ ಅವರ ಕತ್ತನ್ನು ಕಾಯಲು ಬಂದದ್ದು. ಅದನ್ನು ಅವರು ಮುರಿಯಲಿಲ್ಲ. ಅದು ಹೇಳಿದ್ದೆಷ್ಟು, ಹೇಳದೆ ಬಿಟ್ಟದ್ದೆಷ್ಟು ಎಂಬುದನ್ನು ಬಹು ಎಚ್ಚರದಿಂದ ಓದಿದರು. ಓರೆ ಅಕ್ಷದ ಲಾಗ ಹುಟ್ಟಿದ್ದು ಆ ಓದಿನಿಂದ.